ಓದುವವರು ಹೆಚ್ಚಾದಾಗ

2000ದ ಸುಮಾರಿಗೆ ಬೆಂಗಳೂರಿನಲ್ಲಿ ನಾವು ಬರೆಯುತ್ತಿದ್ದ ಜಾವಾ ಸರ್ವರ್‌ನಲ್ಲಿ ಷೇರುಗಳ ದರಪಟ್ಟಿಯೊಂದು ಮೆಮೊರಿಯಲ್ಲಿರುತ್ತಿತ್ತು. ನೂರಾರು ಥ್ರೆಡ್‌ಗಳು ಅದನ್ನು ಓದುತ್ತಿದ್ದವು, ಹೊಸ ದರ ಬರೆಯುತ್ತಿದ್ದದ್ದು ಒಂದೇ ಒಂದು. ಓದುವ ಥ್ರೆಡ್‌ಗಳು ಎಷ್ಟಾದರೂ ಒಟ್ಟಿಗೆ ಒಳಗಿರಬಹುದು, ಬರೆಯುವುದು ಬಂದಾಗ ಬೇರೆ ಯಾವುದೂ ಇರಕೂಡದು. ಅದಕ್ಕೆಂದೇ ರೀಡರ್-ರೈಟರ್ ಲಾಕ್. ಜಾವಾ ಜೊತೆಗೇ ಅದು ಸಿಗತೊಡಗಿದ್ದು 2004ರ ಜಾವಾ 5ರಿಂದ. ಅಲ್ಲಿಯವರೆಗೆ ನಾವೇ ಬರೆದುಕೊಳ್ಳುತ್ತಿದ್ದೆವು.

1971ರಲ್ಲೇ ಕೂರ್ಟ್ವಾ, ಹೇಮನ್ಸ್, ಪಾರ್ನಾಸ್ ಈ ಸಮಸ್ಯೆಗೆ ಎರಡು ಪರಿಹಾರ ಕೊಟ್ಟಿದ್ದರು. ಒಂದರಲ್ಲಿ ಓದುವವರಿಗೆ ಆದ್ಯತೆ, ಇನ್ನೊಂದರಲ್ಲಿ ಬರೆಯುವವರಿಗೆ. ನಮ್ಮಲ್ಲಿದ್ದದ್ದು ಮೊದಲನೆಯದು. ಬೆಳಗ್ಗೆ ಷೇರುಪೇಟೆ ತೆರೆಯುತ್ತಲೇ ಓದುವ ಥ್ರೆಡ್‌ಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು, ಬರೆಯುವ ಥ್ರೆಡ್ಡಿಗೆ ಸರದಿಯೇ ಬರುತ್ತಿರಲಿಲ್ಲ. ಪರದೆಯ ಮೇಲೆ ಹಳೇ ದರವೇ ನಿಂತಿರುತ್ತಿತ್ತು. ಎರಡನೆಯ ಬಗೆಗೆ ಬದಲಿಸಿದ ಮೇಲೆ ಆ ಕಾಟ ತಪ್ಪಿತು.

2005ರಲ್ಲಿ ಎರಡು ಕೋರ್‌ಗಳ ಚಿಪ್ ಸಾಮಾನ್ಯ ಯಂತ್ರಗಳಿಗೂ ಬಂತು, ಆಮೇಲೆ ನಾಲ್ಕು, ಎಂಟು. ಕೋರ್ ಹೆಚ್ಚಿದರೂ ನಮ್ಮ ಓದು ಚುರುಕಾಗಲಿಲ್ಲ. ಕಾರಣ ಲಾಕಿನ ಒಳಗೇ ಇತ್ತು. ಎಷ್ಟು ಥ್ರೆಡ್‌ಗಳು ಓದುತ್ತಿವೆ ಎಂಬ ಲೆಕ್ಕವನ್ನು ಅದು ಇಡಬೇಕು. ಓದಲು ಬಂದ ಪ್ರತಿ ಥ್ರೆಡ್ಡೂ ಒಳಬರುವಾಗ ಆ ಸಂಖ್ಯೆಗೆ ಒಂದು ಕೂಡಿಸಿ, ಹೋಗುವಾಗ ಒಂದು ಕಳೆಯುತ್ತದೆ. ಅಂದರೆ ಓದಲು ಬಂದದ್ದೂ ಬರೆದೇ ಹೋಗುತ್ತದೆ! ಆ ಸಂಖ್ಯೆಯಿರುವ ಕ್ಯಾಶ್ ಲೈನು ಕೋರಿನಿಂದ ಕೋರಿಗೆ ಓಡಾಡುತ್ತಲೇ ಇರುತ್ತದೆ. ಒಂದು ದರ ಓದುವ ಕ್ಷಣಮಾತ್ರದ ಕೆಲಸಕ್ಕಿಂತ ಈ ಓಡಾಟವೇ ದುಬಾರಿ.

ಇದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮೂರಿನಲ್ಲೇ ಕೆಲಸ ಮಾಡುತ್ತಿದ್ದವರೂ ಇದ್ದರು. 2002ರಲ್ಲೇ ಲಿನಕ್ಸ್ ಕರ್ನಲ್‌ಗೆ ಸೇರಿದ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ಎಂಬ ವಿಧಾನ ಪಾಲ್ ಮೆಕೆನ್ನಿಯವರ ಜೊತೆಗೆ ಬೆಂಗಳೂರು ಐಬಿಎಂ ಲ್ಯಾಬಿನ ದೀಪಂಕರ್ ಸರ್ಮಾ ಅವರ ಶ್ರಮದ ಫಲವೂ ಹೌದು. ಅದನ್ನು ನೆನೆದಾಗ ಇವತ್ತಿಗೂ ನನಗೆ ಹೆಮ್ಮೆ. ಈ ವಿಧಾನದಲ್ಲಿ ಬರೆಯುವ ಥ್ರೆಡ್ ದತ್ತಾಂಶದ ಒಂದು ಪ್ರತಿ ಮಾಡಿಕೊಂಡು, ಅದನ್ನು ತಿದ್ದಿ, ಕೊನೆಗೆ ಪಾಯಿಂಟರ್ ಮಾತ್ರ ಹೊಸದರತ್ತ ತಿರುಗಿಸುತ್ತದೆ. ಹಳೆಯದನ್ನು ಓದುತ್ತಿರುವ ಥ್ರೆಡ್‌ಗಳೆಲ್ಲ ಮುಗಿಸಿದ ಮೇಲಷ್ಟೇ ಹಳೆಯ ಪ್ರತಿಗೆ ಮುಕ್ತಿ. ಓದುವವು ಯಾವ ಲಾಕನ್ನೂ ಮುಟ್ಟುವುದಿಲ್ಲ.

ನಾವೂ ಅದೇ ಜಾಡು ಹಿಡಿದೆವು. ಪ್ರತಿ ಷೇರಿನ ದರವನ್ನೂ ಹೊಸದಾಗಿ ಕಟ್ಟಿ, ಸಿದ್ಧವಾದ ಮೇಲೆ ರೆಫರೆನ್ಸ್ ಬದಲಿಸಿದೆವು; ಹಳೆಯದನ್ನು ಜಾವಾದ ಗಾರ್ಬೇಜ್ ಕಲೆಕ್ಟರ್ ನೋಡಿಕೊಂಡಿತು. ಆ ಗಳಿಗೆಯಲ್ಲಿ ಓದುತ್ತಿರುವ ಥ್ರೆಡ್ಡಿಗೆ ಹಿಂದಿನ ದರ ಸಿಗಬಹುದು, ಆದರೆ ಅರ್ಧಂಬರ್ಧ ದರ ಎಂದೂ ಸಿಗುವುದಿಲ್ಲ. ಎಲ್ಲ ಕೆಲಸಕ್ಕೂ ಇದು ಒಪ್ಪದು, ದರಪಟ್ಟಿಗೆ ಧಾರಾಳವಾಗಿ ಒಪ್ಪಿತು.

ಓದು ದೀರ್ಘವಾಗಿ ನಡೆಯದ ಕಡೆ ರೀಡರ್-ರೈಟರ್ ಲಾಕಿಗಿಂತ ಓದು-ಬರಹವೆಂದು ಭೇದ ಮಾಡದ ಸಾದಾ ಸ್ಪಿನ್‌ಲಾಕೇ ಮೇಲು ಎಂದು ಈಗ ಲಿನಕ್ಸ್ ಕರ್ನಲ್‌ನ ಕೈಪಿಡಿಯೇ ಹೇಳುತ್ತದೆ. ಎಲ್ಲರ ಒಪ್ಪಿಗೆಯಿಲ್ಲದೆ ಹೊಸ ರೀಡರ್-ರೈಟರ್ ಲಾಕ್ ಸೇರಿಸಬೇಡಿ ಎಂದೂ ಕೇಳಿಕೊಳ್ಳುತ್ತದೆ.