160 ಚದರಡಿಯಲ್ಲಿ ಎರಡು ರಾತ್ರಿ

“ಕುರ್ಲಾದಲ್ಲಿ ಸ್ಲೋ ಗಾಡಿಯನ್ನೇ ಹತ್ತು, ಫಾಸ್ಟ್ ಗಾಡಿ ಕರಿ ರೋಡಿನಲ್ಲಿ ನಿಲ್ಲುವುದಿಲ್ಲ. ಬ್ಯಾಗನ್ನು ಎದೆಗೆ ಹಾಕಿಕೋ. ದಾದರ್ ಬರುವಾಗ ಬಾಗಿಲ ಹತ್ತಿರ ನಿಲ್ಲಬೇಡ ಮಗಾ.” ನಾನು ಉಡುಪಿಯಲ್ಲಿ ಮತ್ಸ್ಯಗಂಧಾ ರೈಲು ಹತ್ತುವ ಮೊದಲೇ ಮುಂಬೈಯ ಚಿಕ್ಕಪ್ಪ ಫೋನಿನಲ್ಲಿ ಪಾಠ ಮಾಡಿದ್ದರು. ಕೊನೆಯದೊಂದನ್ನು ಮರೆತೆ.

ದಾದರಿನಲ್ಲಿ ನಾನು ಇಳಿಯಲಿಲ್ಲ, ಜನ ಇಳಿಸಿದರು. ತಿರುಗಿ ನೋಡುವಷ್ಟರಲ್ಲಿ ಗಾಡಿ ಹೊರಟೇಹೋಗಿತ್ತು. ಒಂದು ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲುವ ಈ ಸ್ಥಿತಿಗೆ ರೈಲ್ವೆಯವರು ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂದು ಹೆಸರಿಟ್ಟಿದ್ದಾರೆ. ಮುಂದಿನ ಗಾಡಿಯಲ್ಲಿ ಕಣ್ಣು ತೆರೆದು ನಿಂತೆ. ನೂಕುನುಗ್ಗಲಿಗೂ ಒಂದು ಕಟ್ಟಳೆ ಇತ್ತು. ಇಳಿಯುವವನು ಎದುರಿನವನ ಭುಜ ತಟ್ಟಿ “ಉತರ್ನಾ ಹೈ?” ಎನ್ನುತ್ತಾನೆ. ಇಲ್ಲವೆಂದರೆ ಇಬ್ಬರೂ ಮೈ ತಿರುಗಿಸಿ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಮೂವರ ಸೀಟಿನ ಅಂಚಿಗೆ ನಾಲ್ಕನೆಯವನು ಬಂದರೆ ಕೂತವರು ತಲೆಯೆತ್ತದೆಯೇ ಒಂದಿಷ್ಟು ಸರಿಯುತ್ತಾರೆ.

ಚಿಕ್ಕಪ್ಪನ ಮನೆ ಡಿಲೈಲ್ ರೋಡಿನ ಬಿಡಿಡಿ ಚಾಳಿನಲ್ಲಿ. 1920ರ ದಶಕದಲ್ಲಿ ಬ್ರಿಟಿಷ್ ಆಡಳಿತ ಕಟ್ಟಿಸಿದ ಕಟ್ಟಡಗಳವು. ಮಾಳಿಗೆಗೆ 20 ಖೋಲಿ, ಅಂದರೆ ಒಂದೇ ಕೋಣೆಯ ಮನೆ, ನಡುವೆ ಉದ್ದನೆಯ ಪ್ಯಾಸೇಜು, ಎಲ್ಲರಿಗೂ ಸೇರಿ ಪಾಯಿಖಾನೆ. ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯಲು ಬಂದ ಚಿಕ್ಕಪ್ಪ ಗಲ್ಲಾಪೆಟ್ಟಿಗೆಯವರೆಗೆ ಏರಿದರೂ 160 ಚದರಡಿಯ ಖೋಲಿ ಬೆಳೆಯಲಿಲ್ಲ. ಅದರಲ್ಲಿ ಐದು ಜನ, ನಾನು ಆರನೆಯವನು.

ನಮ್ಮೂರಿನ ಮನೆಯಲ್ಲಿ ಊಟಕ್ಕೊಂದು ಕೋಣೆ, ನಿದ್ದೆಗೊಂದು ಕೋಣೆ. ಇಲ್ಲಿ ಒಂದೇ ಕೋಣೆಗೆ ಊಟದ ಹೊತ್ತು, ನಿದ್ದೆಯ ಹೊತ್ತು. ನಸುಕಿನಲ್ಲಿ ನಲ್ಲಿ ಬಂದಾಗ ಅದು ನೀರಿನ ಮನೆ. ಚಿಕ್ಕಮ್ಮ ಡ್ರಮ್ಮು ತುಂಬಿಸುತ್ತಾರೆ. ಹಾಸಿಗೆ ಮಡಚಿದರೆ ಅಡುಗೆಮನೆ. ರಾತ್ರಿಪಾಳಿ ಮುಗಿಸಿ ಬರುವ ಮಗ ಏಣಿ ಹತ್ತಿ ಪೋಟ್‌ಮಾಳವೆಂಬ ಅಟ್ಟದಲ್ಲಿ ಮಲಗಿದರೆ ಕೆಳಗೆ ಸೌಟೂ ಸದ್ದು ಮಾಡದು. ಸೊಸೆ ಮೋರಿಯ, ಅಂದರೆ ಮೂಲೆಯ ಸ್ನಾನದ ಜಾಗದ, ಪರದೆ ಎಳೆದಳೆಂದರೆ ಚಿಕ್ಕಪ್ಪ ಪೇಪರು ಹಿಡಿದು ಪ್ಯಾಸೇಜಿಗೆ ನಡೆಯುತ್ತಾರೆ. ಮೊದಲ ದಿನ ನನಗೆ ತಿಳಿಯದೆ ಕೂತೇ ಇದ್ದೆ. ಚಿಕ್ಕಪ್ಪ ಹೊರಗಿನಿಂದ “ಬಾ, ನಿನಗೆ ಗಿರಣಿ ಚಿಮಣಿ ತೋರಿಸುತ್ತೇನೆ” ಎಂದರು. ಚಿಮಣಿಯೇನೂ ಕಾಣಲಿಲ್ಲ. ಮರುದಿನ ನಾನೇ ಮೊದಲು ಎದ್ದು ಹೊರಗೆ ಹೋದೆ.

ರಾತ್ರಿ ಗಂಡಸರಿಗೆ ಪ್ಯಾಸೇಜಿನಲ್ಲಿ ಚಾಪೆ. ಸಾಲಾಗಿ ಮಲಗಿದವರನ್ನು ದಾಟಿ ಯಾರೋ ಪಾಯಿಖಾನೆಗೆ ಹೋದರು. ಕತ್ತಲಲ್ಲೂ ಯಾರ ಕಾಲನ್ನೂ ತುಳಿಯಲಿಲ್ಲ.

ಈ ಚಾಳುಗಳನ್ನು ಕೆಡವಿ ಬಹುಮಹಡಿ ಕಟ್ಟುವ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ 500 ಚದರಡಿಯ ಮನೆಯಿದೆ. ಸೊಸೆ ಆಗಲೇ ಬಾಗಿಲಿರುವ ಬಚ್ಚಲಿನ ಕನಸು ಕಾಣುತ್ತಿದ್ದಾಳೆ. ಅವಳಿಗೆ ಅದು ಬೇಕೇ ಬೇಕು. ಚಿಕ್ಕಮ್ಮನ ಚಿಂತೆ ಬೇರೆ. “ಅಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡೇ ಇರುತ್ತಾರಂತೆ. ಹಗಲೆಲ್ಲ ಯಾರ ಮುಖ ನೋಡುವುದು ಮಗಾ?”

ಹೊರಡುವ ದಿನ ಚೀಲ ಹೆಗಲಿಗೇರಿಸಿ, ಊರಿನ ಅಭ್ಯಾಸದಂತೆ ಬಾಗಿಲು ಎಳೆಯಹೋದೆ. “ಇರಲಿ ಬಿಡು, ತೆರೆದೇ ಇರಲಿ” ಎಂದರು ಚಿಕ್ಕಮ್ಮ. ಎದುರಿನ ಖೋಲಿಯಾಕೆ ಕೈಯೊರೆಸಿಕೊಳ್ಳುತ್ತ ಹೊಸ್ತಿಲಿಗೆ ಬಂದು, ನನ್ನ ಗಾಡಿ ಎಷ್ಟು ಹೊತ್ತಿಗೆಂದು ಕೇಳಿದಳು.