ಹಳೆಯ ದೋಣಿಯಂತ್ರ

ಹಲಸೂರು ಕೆರೆಯ ನೆರೆಯಲ್ಲಿರುವ ಮದ್ರಾಸ್ ಸ್ಯಾಪರ್ಸ್ ದಳದಲ್ಲಿ ಸೇವೆ ಸಲ್ಲಿಸಿದ ನಮ್ಮ ತಂದೆಯವರು, ದೋಣಿಯ ಹಿಂಬದಿಗೆ ತಗುಲಿಸುವ ಹಳೆಯ ಯಂತ್ರವೊಂದನ್ನು ಮರ್ಫಿ ಟೌನಿನ ಮನೆಯಲ್ಲಿ ಬಿಟ್ಟುಹೋದರು. ಅದು ಹೊರಟರೂ ಕೆಮ್ಮಿ ನಿಂತುಬಿಡುತ್ತಿತ್ತು. ಗುಜರಿಗೆ ಹಾಕಬೇಕೆಂದು ಮನೆಯವರು ನಿಶ್ಚಯಿಸಲು, ನಾನು ಒಂದು ವಾರದ ಅವಧಿಯನ್ನು ಬೇಡಿದೆನು.

ಹಗ್ಗವನ್ನು ಬಲವಾಗಿ ಸೆಳೆಯುವುದಕ್ಕಿಂತ ಕಾರಣವನ್ನು ಕ್ರಮವಾಗಿ ವಿಚಾರಿಸುವುದು ಮೇಲು. ಮೊದಲು ಪ್ಲಗ್ಗಿನ ಮಸಿಯನ್ನು ತೆಗೆದು ಪರೀಕ್ಷಿಸಲಾಗಿ, ಕಿಡಿಯು ಚೆನ್ನಾಗಿಯೇ ಹಾರಿತು. ಬಳಿಕ ಕಾರ್ಬುರೇಟರನ್ನು ಬಿಚ್ಚಿದೆನು. ಬಹುಕಾಲ ನಿಂತ ಪೆಟ್ರೋಲು ಅಂಟಾಗಿ ಅದರ ಸೂಕ್ಷ್ಮ ರಂಧ್ರವನ್ನು ಮುಚ್ಚಿತ್ತು. ಅದನ್ನು ತೊಳೆದು, ಎಣ್ಣೆ ಬೆರೆಸಿದ ಹೊಸ ಪೆಟ್ರೋಲನ್ನು ತುಂಬಿ, ಯಂತ್ರದ ಅಡಿಯನ್ನು ನೀರಿನ ಪೀಪಾಯಿಯಲ್ಲಿ ಮುಳುಗಿಸಿದೆನು. ನೀರಿಲ್ಲದೆ ನಡೆಸಿದರೆ ಅದನ್ನು ತಂಪಾಗಿಡುವ ಪಂಪು ಕೆಡುವುದು. ಮೂರನೆಯ ಸೆಳೆತಕ್ಕೆ ಯಂತ್ರವು ಸಮನಾಗಿ ನಡೆಯಿತು.

ಸೋದರಿಯರೇ, ಇಂಥ ವಸ್ತು ನಿಮ್ಮಲ್ಲಿದ್ದರೆ, ಎತ್ತಿಡುವ ಮುನ್ನ ಪೆಟ್ರೋಲನ್ನು ಬಸಿದುಬಿಡಿರಿ. ಬಿಸುಡುವ ಮುನ್ನ ಒಮ್ಮೆ ಬಿಚ್ಚಿ ನೋಡಿರಿ.