ಮುಗದ: ನಾಟಕಶಾಲೆ ಇದ್ದ ಊರು

ಧಾರವಾಡದಿಂದ ಅಳ್ನಾವರದ ಕಡೆ ಹೋಗುವ ರೈಲು ಹಾದಿಯಲ್ಲಿ ಕ್ಯಾರಕೊಪ್ಪ ದಾಟಿದ ಮೇಲೆ ಸಿಗುವ ಸಣ್ಣ ಸ್ಟೇಷನ್ನು ಮುಗದ. ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಶುರುವಾಗುವ ಜಾಗವಿದು. ಜೋಳದ ಹೊಲಗಳು ಹಿಂದೆ ಸರಿದು, ಕೂರಿಗೆಯಿಂದ ಬಿತ್ತಿದ ಭತ್ತದ ಗದ್ದೆಗಳು ಎದುರಾಗುತ್ತವೆ. ಊರಿಗೆ ದೊಡ್ಡ ಕೆರೆಯಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಭತ್ತ ಸಂಶೋಧನಾ ಕೇಂದ್ರವೂ ಇಲ್ಲಿದೆ. ‘ಮುಗದ ಸುಗಂಧ’ ಎಂಬ ಪರಿಮಳದ ಭತ್ತ ಈ ಊರಿನ ಹೆಸರನ್ನು ದೂರದ ರೈತರಿಗೂ ಮುಟ್ಟಿಸಿದೆ.

ಆದರೆ ಮುಗದಕ್ಕೆ ಇನ್ನೊಂದು ಹಿರಿಮೆ ಇದೆ. ಅದು ಧಾರವಾಡದಲ್ಲಿ ಓದುವ ಎಷ್ಟೋ ವಿದ್ಯಾರ್ಥಿಗಳ ಕಿವಿಗೆ ಬಿದ್ದಂತಿಲ್ಲ.

ಶಾಸನಗಳಲ್ಲಿ ಈ ಊರಿನ ಹೆಸರು ಮುಗುಂದ. ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನ ಆಳ್ವಿಕೆಯ 1045ರ ಶಾಸನವೊಂದು ಇಲ್ಲಿನ ಸಂಗತಿ ಹೇಳುತ್ತದೆ. ಚಾವುಂಡ ಗಾವುಂಡನೆಂಬವನು ಇಲ್ಲಿ ‘ಸಮ್ಯಕ್ತ್ವರತ್ನಾಕರ’ ಎಂಬ ಜೈನ ಚೈತ್ಯಾಲಯವನ್ನು ಕಟ್ಟಿಸಿದ್ದ. ಅವನ ವಂಶದ ಮಾರ್ತಂಡಯ್ಯ ಅದನ್ನು ಜೀರ್ಣೋದ್ಧಾರ ಮಾಡಿದ. ಅಷ್ಟಕ್ಕೇ ನಿಲ್ಲದೆ ಅಲ್ಲಿ ಒಂದು ನಾಟಕಶಾಲೆಯನ್ನೂ ಕಟ್ಟಿಸಿದ!

ಈ ಇಸವಿಯ ಮಹತ್ವ ಸ್ವಲ್ಪ ಯೋಚಿಸಬೇಕಾದದ್ದು. ಅದು ಬಸವಣ್ಣನವರ ಕಾಲಕ್ಕಿಂತ ಸುಮಾರು ನೂರು ವರ್ಷ ಹಿಂದಿನ ಮಾತು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕವೆನಿಸಿದ ಸಿಂಗರಾರ್ಯನ ‘ಮಿತ್ರವಿಂದಾಗೋವಿಂದ’ ಹುಟ್ಟಿದ್ದು ಮೈಸೂರಿನ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ, 17ನೆಯ ಶತಮಾನದ ಕೊನೆಗೆ. ಅಂದರೆ ಪುಸ್ತಕದ ನಾಟಕಕ್ಕಿಂತ ಆರುನೂರು ವರ್ಷ ಮೊದಲೇ ಮುಗದದಲ್ಲಿ ನಾಟಕಕ್ಕೊಂದು ಮನೆ ಎದ್ದಿತ್ತು. ಅದೂ ರಾಜಧಾನಿಯಲ್ಲಲ್ಲ, ಒಂದು ಹಳ್ಳಿಯಲ್ಲಿ. ಅರಮನೆಯ ಅಂಗಳದಲ್ಲಲ್ಲ, ಪೂಜೆಯ ಸ್ಥಳದ ಮಗ್ಗುಲಲ್ಲಿ. ಕುಣಿತ, ಹಾಡು, ಅಭಿನಯಗಳು ಬದುಕಿಗೆ ಬೇಕಾದವು ಎಂದು ಆ ಹಿರಿಯರು ನಂಬಿದ್ದರು.

ಈ ಮಾತು ಇಂದಿನ ತಂದೆ-ತಾಯಿಗಳಿಗೂ ಸಂಬಂಧಿಸಿದ್ದೇ. ಧಾರವಾಡಕ್ಕೆ ಉತ್ತರ ಕರ್ನಾಟಕದ ಊರೂರುಗಳಿಂದ ಮಕ್ಕಳು ಬರುವುದು ಡಿಗ್ರಿಗೆ, ಸ್ಪರ್ಧಾತ್ಮಕ ಪರೀಕ್ಷೆಯ ತಯಾರಿಗೆ. ‘ನಾಟಕ ಅಂತ ಅಡ್ಡಾಡಿದರ ಓದೋದು ಯಾವಾಗ?’ ಎಂದು ಮನೆಯವರು ಕೇಳುವುದು ತಪ್ಪಲ್ಲ. ಹೊಟ್ಟೆಬಟ್ಟೆ ಕಟ್ಟಿ ಕಳಿಸಿದವರ ಆತಂಕ ಅದು. ಆದರೆ ನಾಟಕ ವಿದ್ಯಾರ್ಥಿಗೆ ಏನು ಕಲಿಸುತ್ತದೆ ಎಂಬುದನ್ನೂ ನೋಡಬೇಕಲ್ಲವೆ?

ಇದಕ್ಕೆ ಅಮೆರಿಕದ ಒಂದು ನಾಟಕ ಒಳ್ಳೆಯ ಉದಾಹರಣೆ. ಥಾರ್ನ್‌ಟನ್ ವೈಲ್ಡರ್ ಬರೆದ ಅದರ ಹೆಸರು ‘ಅವರ್ ಟೌನ್’, ಎಂದರೆ ‘ನಮ್ಮ ಊರು’. ಮೊದಲು ರಂಗಕ್ಕೆ ಬಂದದ್ದು 1938ರ ಜನವರಿ 22ರಂದು, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಆವರಣದ ಮೆಕಾರ್ಟರ್ ರಂಗಮಂದಿರದಲ್ಲಿ. ಅದೇ ವರ್ಷ ಅದಕ್ಕೆ ಪುಲಿಟ್ಜರ್ ಬಹುಮಾನ ಬಂತು. ಅಂದಿನಿಂದ ಅಮೆರಿಕದ ಶಾಲೆ-ಕಾಲೇಜುಗಳು, ವಿಶ್ವವಿದ್ಯಾಲಯಗಳ ನಾಟಕ ವಿಭಾಗಗಳು ಅದನ್ನು ಮತ್ತೆ ಮತ್ತೆ ಆಡುತ್ತಲೇ ಇವೆ.

ಅದರಲ್ಲಿ ಪರದೆಯಿಲ್ಲ, ಸೀನರಿಯಿಲ್ಲ. ಎರಡು ಮೇಜು, ಕೆಲವು ಕುರ್ಚಿ, ಎರಡು ಏಣಿ ಇದ್ದರೆ ಸಾಕು. ತಾಯಂದಿರು ಇಲ್ಲದ ಒಲೆಯ ಮೇಲೆ ಅಡುಗೆ ಮಾಡುತ್ತಾರೆ. ಹಾಲು ಮಾರುವವನು ಕಣ್ಣಿಗೆ ಕಾಣದ ಕುದುರೆಯನ್ನು ಗದರಿಸುತ್ತಾನೆ. ದೂರದಲ್ಲಿ ರೈಲು ಸೀಟಿ ಹಾಕುತ್ತದೆ. ವಿಶ್ವವಿದ್ಯಾಲಯದ ಪ್ರೊಫೆಸರರೊಬ್ಬರು ಬಂದು ಈ ಊರು ಯಾವ ಬಂಡೆಯ ಮೇಲೆ ಕೂತಿದೆ, ಮೊದಲು ಇಲ್ಲಿ ಯಾರಿದ್ದರು ಎಂದು ಪಾಠ ಹೇಳಿ ಹೋಗುತ್ತಾರೆ. ಮೊದಲ ಅಂಕ ದಿನದ ಬದುಕು, ಎರಡನೆಯದು ಮದುವೆ, ಮೂರನೆಯದು ಸುಡುಗಾಡು. ಹೆರಿಗೆಯಲ್ಲಿ ತೀರಿಕೊಂಡ ಎಮಿಲಿ ಎಂಬ ತರುಣಿ ತನ್ನ ಹನ್ನೆರಡನೆಯ ಹುಟ್ಟುಹಬ್ಬದ ದಿನಕ್ಕೆ ಮರಳಿ ಬರುತ್ತಾಳೆ. ಅಡುಗೆಮನೆಯಲ್ಲಿ ಅವ್ವ ಕೆಲಸದಲ್ಲಿ ಮುಳುಗಿದ್ದಾಳೆ. ಮಗಳ ಮುಖವನ್ನು ಕಣ್ತುಂಬ ನೋಡಲೂ ಪುರುಸೊತ್ತಿಲ್ಲ. ಬದುಕಿದ್ದಾಗ ಯಾರೂ ಯಾರನ್ನೂ ಸರಿಯಾಗಿ ನೋಡುವುದೇ ಇಲ್ಲ ಎಂಬುದು ಎಮಿಲಿಗೆ ಆಗ ತಿಳಿಯುತ್ತದೆ.

ಈ ನಾಟಕದಲ್ಲಿ ಪಾತ್ರಗಳನ್ನು ಪರಿಚಯಿಸುತ್ತ, ಪ್ರೇಕ್ಷಕರ ಜೊತೆ ಮಾತಾಡುತ್ತ ಕಥೆ ನಡೆಸುವ ‘ಸ್ಟೇಜ್ ಮ್ಯಾನೇಜರ್’ ಒಬ್ಬನಿದ್ದಾನೆ. ಅಮೆರಿಕದವರಿಗೆ ಅದು ಹೊಸತೆನಿಸಿತು. ದೊಡ್ಡಾಟ ನೋಡಿದ ನಮ್ಮ ಹಳ್ಳಿಯ ಅಜ್ಜನಿಗೆ ಮಾತ್ರ ಆಶ್ಚರ್ಯವಾಗಲಿಕ್ಕಿಲ್ಲ. ರಂಗಕ್ಕೆ ಬಂದ ಪಾತ್ರವನ್ನು ನೀವು ಯಾರು, ಬಂದ ಕಾರಣವೇನು ಎಂದು ಮಾತಾಡಿಸುವ ಸಾರಥಿ ಅವನಿಗೆ ಹಳೆಯ ಪರಿಚಯ!

ಹೀಗೆ ಅಲ್ಲಿನದು ಇಲ್ಲಿಗೆ ಹೊಂದುವಂತೆ ಇಲ್ಲಿನದೂ ಅಲ್ಲಿಗೆ ಹೋದದ್ದುಂಟು. ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದವರು. ಅವರ ಮೊದಲ ನಾಟಕ ‘ಯಯಾತಿ’ಯನ್ನು 1961ರಲ್ಲಿ ಪ್ರಕಟಿಸಿದ್ದು ಇದೇ ಊರಿನ ಮನೋಹರ ಗ್ರಂಥಮಾಲೆ. 1987-88ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದಾಗ ಅವರು ‘ನಾಗಮಂಡಲ’ ಬರೆದರು. ಅದಕ್ಕೆ ಆಧಾರ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳು. ರಾತ್ರಿ ಊರಿನ ದೀಪಗಳೆಲ್ಲ ಗುಡಿಯಲ್ಲಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವ ಆ ನಾಟಕವನ್ನು 1993ರಲ್ಲಿ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರ್ ಆಡಿತು. ಗಣಿತದ ವಿದ್ಯಾರ್ಥಿಗೆ ನಾಟಕ ಅಡ್ಡಿಯಾಗಲಿಲ್ಲ. ಅಜ್ಜಿಕಥೆ ಸಮುದ್ರ ದಾಟಲಿಕ್ಕೂ ಅಡ್ಡಿಯಾಗಲಿಲ್ಲ.

ಎಲ್ಲರೂ ಕಾರ್ನಾಡರಾಗಬೇಕಾಗಿಲ್ಲ. ಆದರೆ ತಾನು ಹುಟ್ಟಿದ ಊರನ್ನು, ಮನೆಯಲ್ಲಿ ದುಡಿಯುವ ಅವ್ವನನ್ನು ಕಣ್ತೆರೆದು ನೋಡುವ ಅಭ್ಯಾಸ ಎಲ್ಲ ವಿದ್ಯಾರ್ಥಿಗಳಿಗೂ ಬೇಕು. ಅದನ್ನು ನಾಟಕ ಕಲಿಸಿದಷ್ಟು ಚೆನ್ನಾಗಿ ಕಲಿಸುವ ಪಠ್ಯ ಅಪರೂಪ. ಅದಕ್ಕೆ ದೊಡ್ಡ ಖರ್ಚೂ ಇಲ್ಲ, ಎರಡು ಮೇಜು, ಎರಡು ಏಣಿ!

ಕಾಲೇಜಿನ ಸ್ನೇಹಸಮ್ಮೇಳನಕ್ಕೆ ಯಾವ ನಾಟಕ ಎಂದು ತಲೆ ಕೆಡಿಸಿಕೊಳ್ಳುವ ಹುಡುಗ-ಹುಡುಗಿಯರು ಒಂದು ರವಿವಾರ ಮುಗದಕ್ಕೆ ಹೋಗಿ ಬರಬೇಕು. ಧಾರವಾಡದಿಂದ ದೂರವೇನಿಲ್ಲ, ಬುತ್ತಿ ಕಟ್ಟಿಕೊಂಡು ಹೋದರೆ ಸಂಜೆಯೊಳಗೆ ಹಾಸ್ಟೆಲ್ ಸೇರಬಹುದು. ಮಳೆ ನಿಂತ ಹೊಸತಿನಲ್ಲಿ ಹೋದರೆ ಕೆರೆ, ಗದ್ದೆ ಎರಡೂ ಚೆಂದ. ಹೋಗುವಾಗ ಒಂದು ನೋಟುಬುಕ್ಕು ಜೊತೆಗಿರಲಿ. ಬೆಳಿಗ್ಗೆ ಹಾಲು ಹಾಕುವವರು ಯಾರು, ಕೆರೆಯ ಕಟ್ಟೆಯ ಮೇಲೆ ಕೂತ ಹಿರಿಯರು ಏನು ಮಾತಾಡುತ್ತಾರೆ, ರೈಲಿನ ಸಪ್ಪಳಕ್ಕೆ ಯಾರು ತಲೆ ಎತ್ತಿ ನೋಡುತ್ತಾರೆ ಎಂಬುದನ್ನು ಬರೆದುಕೊಂಡು ಬಂದರೆ ಅರ್ಧ ನಾಟಕ ಸಿದ್ಧವಾದಂತೆಯೇ. ಮಾರ್ತಂಡಯ್ಯ ಕಟ್ಟಿಸಿದ ಶಾಲೆಗೆ ಮತ್ತೆ ಹೆಸರು ಹಚ್ಚಿದ ಪುಣ್ಯವೂ ಅವರಿಗೆ ಬಂದೀತು.